ಮೈಕೈ ನೋವು

ಮೈಕೈ ನೋವು ಎಂದರೆ ನಮ್ಮಲ್ಲಿ ಯಾರೂ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಕಾಲು ಮುರಿದರೆ ಕಟ್ಟು ಕಾಣುತ್ತದೆ. ಮೈಕೈ ನೋವಿಗೆ ಮುಟ್ಟುವುದಕ್ಕೂ ಏನಿಲ್ಲ, ಕಾಣುವುದಕ್ಕೂ ಏನಿಲ್ಲ. "ಅದು ಯಾರಿಗಿಲ್ಲ?" ಎಂದು ಒಬ್ಬರು ಕೇಳಿಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ವೈದ್ಯನಾಗಿ ನಾನೂ ಬಹುಕಾಲ ಹಾಗೆ ಕೇಳುತ್ತಿದ್ದವನೇ. ಆದ್ದರಿಂದ ಈ ಹೊತ್ತಿನ ನನ್ನ ಮಾತಿನಲ್ಲಿ ಉಪದೇಶಕ್ಕಿಂತ ತಪ್ಪೊಪ್ಪಿಗೆಯೇ ಹೆಚ್ಚಾಗಿ ಕಂಡರೆ ಕೇಳುಗರು ಕ್ಷಮಿಸಬೇಕು.

ನನ್ನ ಹಿರಿಯಣ್ಣನ ಹೆಂಡತಿ, ನನ್ನ ಅತ್ತಿಗೆ, ಇದಕ್ಕೆ ಕಾರಣ. 1994ರಲ್ಲಿ ಅವರಿಗೆ ನಲವತ್ತೆರಡು ವರ್ಷ. ಕತ್ತು, ಭುಜ, ಬೆನ್ನು, ಸೊಂಟ, ಮೊಣಕಾಲು, ಎಲ್ಲಿ ಕೇಳಿದರೂ ನೋವು. ಇಂದು ಇಲ್ಲಿ, ನಾಳೆ ಅಲ್ಲಿ. ರಾತ್ರಿ ಎಂಟು ಗಂಟೆ ಮಲಗಿದರೂ ಬೆಳಗ್ಗೆ ಏಳುವಾಗ ಗದ್ದೆ ಕೆಲಸ ಮಾಡಿ ಬಂದವರ ಆಯಾಸ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ. ಬಳೆ ತೊಡಿಸುವವಳು ಕೈ ಅದುಮಿದರೆ ಕಣ್ಣಲ್ಲಿ ನೀರು. ಮಗು ತೊಡೆಯ ಮೇಲೆ ಕೂತರೆ ಇಳಿಸಬೇಕೆನ್ನಿಸುತ್ತದೆ, ಇಳಿಸಿದರೆ ಮನಸ್ಸು ನೋಯುತ್ತದೆ. ನಾನು ರಕ್ತ ಪರೀಕ್ಷೆ ಮಾಡಿಸಿದೆ, ಎಕ್ಸ್‌ರೇ ತೆಗೆಸಿದೆ. ಎಲ್ಲ ಸರಿಯಾಗಿತ್ತು. ಸಿಹಿ ಸುದ್ದಿ ತಂದವನ ಹಾಗೆ ಹೋಗಿ, "ಏನೂ ಇಲ್ಲ ಅತ್ತಿಗೆ, ಎಲ್ಲಾ ಚೆನ್ನಾಗಿದೆ" ಎಂದೆ.

ಅವರು ಆ ಕಾಗದಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಹನ್ನೊಂದು ವರ್ಷ ನನ್ನೆದುರು ನೋವಿನ ಸೊಲ್ಲೆತ್ತಲಿಲ್ಲ. ನನ್ನ ಮದ್ದಿಲ್ಲದೆ ತಾನಾಗಿ ವಾಸಿಯಾಯಿತೆಂದು ನಾನು ನಂಬಿದ್ದೆ. ಮನೆಯೊಳಗೆ ನಡೆದದ್ದೇ ಬೇರೆ. ಅವರು ಸ್ವಲ್ಪ ಹೊತ್ತು ಒರಗಿದರೆ, "ಡಾಕ್ಟರೇ ಏನೂ ಇಲ್ಲ ಅಂದಿದಾರಲ್ಲ" ಎಂಬ ಮಾತು ನಡುಮನೆಯಿಂದ ಕೇಳಿಬರುತ್ತಿತ್ತಂತೆ. ಅದು ನಾನು ಆಡಿದ ಮಾತೇ.

2005ರ ಗೌರಿ ಹಬ್ಬದ ದಿನ ನಾನು ಅಲ್ಲಿದ್ದೆ. ಏನೋ ಹುಡುಕಿಕೊಂಡು ಉಗ್ರಾಣಕ್ಕೆ ಹೋದವನು ನೋಡುತ್ತೇನೆ, ಅತ್ತಿಗೆ ಅಕ್ಕಿ ಮೂಟೆಗೆ ಹಣೆಯಾನಿಸಿ ನಿಂತಿದ್ದಾರೆ. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು, "ಬಾ, ಎಲೆ ಹಾಕಿದಾರೆ" ಎಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನೇ ಏನೂ ಇಲ್ಲ ಅಂದೆಯಲ್ಲಪ್ಪ. ಇಲ್ಲದ್ದನ್ನ ಹ್ಯಾಗೆ ಹೇಳೋದು?" ಎಂದರು.

ಈ ನೋವಿಗೆ ವೈದ್ಯಶಾಸ್ತ್ರದಲ್ಲಿ ಹೆಸರುಂಟು: ಫೈಬ್ರೊಮಯಾಲ್ಜಿಯ. ಹೆಸರಿನ ಕಥೆಯೂ ನೇರವಾದದ್ದಲ್ಲ. 1904ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ ಇದನ್ನು ಫೈಬ್ರೊಸೈಟಿಸ್ ಎಂದು ಕರೆದರು. ಮಾಂಸಖಂಡಗಳ ನಾರಿನಲ್ಲಿ ಉರಿಯೂತ ಇರಬೇಕೆಂಬುದು ಅವರ ಊಹೆ. ಆಮೇಲೆ ಹುಡುಕಿದವರಿಗೆ ಉರಿಯೂತ ಸಿಗಲಿಲ್ಲ. ಉರಿಯೂತವಿಲ್ಲವೆಂದ ಮೇಲೆ ನೋವೂ ಇಲ್ಲವೆಂದು ಹಲವರು ತೀರ್ಮಾನಿಸಿದರು. 1970ರ ದಶಕದಲ್ಲಿ ಈಗಿನ ಹೆಸರು ಬಂತು. ನಾರು, ಮಾಂಸ, ನೋವು ಎಂಬ ಮೂರು ಪದಗಳನ್ನು ಹೊಸೆದ ಹೆಸರು. 1990ರಲ್ಲಿ ಅಮೆರಿಕದ ಸಂಧಿರೋಗ ತಜ್ಞರು ಒಂದು ನಿಯಮ ಮಾಡಿದರು: ಮೈಯ ಹದಿನೆಂಟು ಗೊತ್ತಾದ ಜಾಗಗಳನ್ನು ಹೆಬ್ಬೆರಳಿನಿಂದ ಒತ್ತಬೇಕು, ಹನ್ನೊಂದರಲ್ಲಾದರೂ ನೋಯಬೇಕು. ಹತ್ತರಲ್ಲಿ ಮಾತ್ರ ನೋಯುವವಳು ಎಲ್ಲಿಗೆ ಹೋಗಬೇಕೋ ಆ ನಿಯಮ ಹೇಳಲಿಲ್ಲ! 2010ರಲ್ಲಿ ಈ ಒತ್ತಿ ಎಣಿಸುವ ಪದ್ಧತಿಯನ್ನು ಬಿಟ್ಟು, ಮೈಯ ಎಷ್ಟು ಭಾಗಗಳಲ್ಲಿ ನೋವು, ಆಯಾಸ ಎಷ್ಟು, ನಿದ್ರೆ ಹೇಗೆ, ಮರೆವು ಎಷ್ಟು ಎಂದು ರೋಗಿಯನ್ನೇ ಕೇಳಿ ಬರೆದುಕೊಳ್ಳುವ ಕ್ರಮ ಬಂತು. ಕೇಳಿದರೆ ತಿಳಿಯುತ್ತದೆ ಎಂಬಷ್ಟನ್ನು ಕಂಡುಕೊಳ್ಳಲು ನಮಗೆ ನೂರು ವರ್ಷ ಹಿಡಿಯಿತು.

ಹಾಗಾದರೆ ಒಳಗೆ ನಡೆಯುವುದೇನು? ನೋವೆಂಬುದು ಪೆಟ್ಟಾದ ಜಾಗದಿಂದ ತಲೆಗೆ ತಂತಿಯಲ್ಲಿ ಹೋಗುವ ಸುದ್ದಿಯಷ್ಟೇ ಅಲ್ಲ. ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಸುದ್ದಿಯನ್ನು ತಡೆಯುವ ಅಥವಾ ಬಿಡುವ ಬಾಗಿಲೊಂದಿದೆ ಎಂದು 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಅವರ ಮಾತಿನ ವಿವರಗಳು ಆಮೇಲೆ ತಿದ್ದುಪಡಿಯಾದರೂ ತಿರುಳು ಉಳಿದಿದೆ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಬೆನ್ನುಹುರಿಯೊಳಗಿನ ನರಗಳೇ ಸೂಕ್ಷ್ಮಗೊಂಡು ಅಲ್ಪ ಪ್ರಚೋದನೆಗೂ ದೊಡ್ಡದಾಗಿ ಉತ್ತರಿಸಬಲ್ಲವೆಂದು ಕಂಡರು. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿಯನ್ನು ನೋಡಿ. ಆಮೇಲೆ ಅದು ಎಲೆ ಉದುರಿದರೂ ಬೊಗಳುತ್ತದೆ. ಕಳ್ಳನಿಲ್ಲ, ನಿಜ, ಆದರೆ ಬೊಗಳುವುದು ಸುಳ್ಳೇ? ಮನೆಯವರ ನಿದ್ದೆ ಕೆಡುವುದು ಸುಳ್ಳೇ? 2002ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯವರ ಹೆಬ್ಬೆರಳ ಉಗುರನ್ನು ಮೆಲ್ಲಗೆ ಒತ್ತಿ, ಅದೇ ಹೊತ್ತಿಗೆ ಮಿದುಳಿನ ಚಿತ್ರ ತೆಗೆದರು. ಆರೋಗ್ಯವಂತರಿಗೆ ಬಹಳ ಜೋರಾಗಿ ಒತ್ತಿದಾಗ ಮಿದುಳಿನ ಯಾವ ಭಾಗಗಳು ಚುರುಕಾಗುತ್ತವೆಯೋ, ಬಹುಮಟ್ಟಿಗೆ ಅವೇ ಭಾಗಗಳು ಇವರಲ್ಲಿ ಸಣ್ಣ ಒತ್ತಡಕ್ಕೇ ಚುರುಕಾದವು. ಆ ಚಿತ್ರಗಳನ್ನು ಕಂಡಾಗ ನನಗೆ ಅತ್ತಿಗೆಯ ಬಳೆಯ ನೆನಪಾಯಿತು.

ಮೂಲ ಕಾರಣ ಇನ್ನೂ ಇತ್ಯರ್ಥವಾಗಿಲ್ಲ. ಕೆಲವು ಮನೆತನಗಳಲ್ಲಿ ಹೆಚ್ಚು. ಹೆಂಗಸರಲ್ಲಿ ಹೆಚ್ಚು ಗುರುತಾಗುತ್ತದೆ, ಗಂಡಸರಿಗೂ ಬರುತ್ತದೆ. ಅಪಘಾತ, ಸೋಂಕು, ದೀರ್ಘಕಾಲದ ಮನಃಕ್ಲೇಶ, ಇವುಗಳ ಬೆನ್ನಿಗೆ ಕಾಣಿಸಿಕೊಳ್ಳುವುದುಂಟು. ನಿದ್ರೆಯ ಪಾತ್ರವಂತೂ ದೊಡ್ಡದು. 1975ರಲ್ಲಿ ಕೆನಡಾದ ಮೋಲ್ಡಾಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರ ಗಾಢನಿದ್ರೆಯನ್ನು ರಾತ್ರಿ ರಾತ್ರಿ ಕೆಡಿಸಿ ನೋಡಿದರು. ಕೆಲವೇ ದಿನಗಳಲ್ಲಿ ಅವರಿಗೂ ಮೈಕೈ ನೋವು ಹಿಡಿಯಿತು.

ಇಲ್ಲಿ ಒಂದು ಎಚ್ಚರಿಕೆ. ಮೈಕೈ ನೋವೆಲ್ಲ ಇದೇ ಎಂದು ತಾವೇ ಹೆಸರಿಟ್ಟುಕೊಳ್ಳಬಾರದು. ಥೈರಾಯ್ಡ್ ಗ್ರಂಥಿ ಮಂದವಾದರೆ, ಡಿ ಜೀವಸತ್ವ ಬಹಳ ಕಡಿಮೆಯಾದರೆ ಹೀಗೆಯೇ ನೋಯಬಹುದು. ಕೀಲು ಊದಿಕೊಂಡರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೈಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅದು ಬೇರೆಯೇ ಕಾಯಿಲೆ, ತಡಮಾಡದೆ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯ ಮಾತಿಗೆ ಬರೋಣ. ನಾನು ಅತ್ತಿಗೆಗೆ ಕೊಟ್ಟ ಮೊದಲನೆಯ ಸಲಹೆಯೂ ತಪ್ಪಾಗಿಯೇ ಇತ್ತು. ದಿನಾ ಅರ್ಧ ಗಂಟೆ ನಡೆಯಿರಿ ಎಂದೆ. ಛಲಗಾತಿ, ನಡೆದರು. ಮೂರನೆಯ ದಿನ ಹಾಸಿಗೆ ಹಿಡಿದರು. ಆಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನೋವು ಹೆಚ್ಚದೆ ಎಷ್ಟು ನಡೆಯಬಹುದು? ಮನೆಯಿಂದ ಅಶ್ವತ್ಥಕಟ್ಟೆಯವರೆಗೆ ಹೋಗಿ ಬರಲು ನಾಲ್ಕು ನಿಮಿಷ. ಸರಿ, ನಾಲ್ಕೇ ನಿಮಿಷ. ಚೆನ್ನಾಗಿರುವ ದಿನವೂ ನಾಲ್ಕು, ಚೆನ್ನಾಗಿಲ್ಲದ ದಿನವೂ ಆದಷ್ಟು ನಾಲ್ಕು. ವಾರಕ್ಕೊಂದು ನಿಮಿಷ ಹೆಚ್ಚಿಗೆ. ನಡುವೆ ಎರಡು ಸಲ ಹಿಂದಕ್ಕೆ ಬಂದು ಮತ್ತೆ ಮೊದಲಿನಿಂದ ತೊಡಗಿದರು. ಅರ್ಧ ಗಂಟೆ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. 2017ರಲ್ಲಿ ಯುರೋಪಿನ ಸಂಧಿರೋಗ ತಜ್ಞರು ಈ ಕಾಯಿಲೆಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾದ ಶಿಫಾರಸು ಕೊಟ್ಟದ್ದು ಒಂದಕ್ಕೆ ಮಾತ್ರ: ವ್ಯಾಯಾಮಕ್ಕೆ. ನಡಿಗೆಯಾಗಲಿ, ನೀರಿನಲ್ಲಿ ಮಾಡುವ ವ್ಯಾಯಾಮವಾಗಲಿ, ಒಪ್ಪಿದ ಯೋಗಾಸನವಾಗಲಿ, ಬಿಡದೆ ಮಾಡುವಂಥದಾಗಿರಬೇಕು.

ಇದರಲ್ಲಿ ನಿಜವಾದ ಅಪಾಯವಿರುವುದು ಒಳ್ಳೆಯ ದಿನಗಳಲ್ಲಿ. ಬೆಳಗ್ಗೆ ಎದ್ದಾಗ ಮೈ ಹಗುರವೆನ್ನಿಸಿದರೆ ನಮ್ಮ ಹೆಂಗಸರು ಮಾಡುವುದೇನು? ಬಾಕಿ ಉಳಿದದ್ದೆಲ್ಲ ಇವತ್ತೇ ತೀರಲಿ ಎಂದು ಅಟ್ಟ ಗುಡಿಸಿ, ಪಾತ್ರೆಯೆಲ್ಲ ಇಳಿಸಿ ಬೆಳಗಿ, ಸಂಜೆಗೆ ಹಪ್ಪಳಕ್ಕೂ ಕೂರುತ್ತಾರೆ. ಮುಂದಿನ ನಾಲ್ಕು ದಿನ ಅದರ ಬಡ್ಡಿ ಕಟ್ಟುವುದೇ ಆಯಿತು. ಅತ್ತಿಗೆ ಅಡುಗೆಮನೆಯಲ್ಲಿ ಒಂದು ಗಡಿಯಾರ ತೂಗುಹಾಕಿಸಿದರು. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ಕೆಲಸ ಮುಗಿಯಲಿ ಬಿಡಲಿ, ಕೂರುವುದು. ಅರ್ಧ ಹೆಚ್ಚಿದ ಹುರುಳಿಕಾಯಿಯನ್ನು ಬಿಟ್ಟು ಕೂರುವುದು ಹೆಂಗಸಿಗೆ ನೋವಿಗಿಂತ ಕಷ್ಟ ಎಂದು ಅವರೇ ಹೇಳುತ್ತಿದ್ದರು. ಎತ್ತರದ ಸ್ಟೂಲೊಂದನ್ನೂ ಮಾಡಿಸಿಕೊಂಡರು. ಅದನ್ನು ಕಂಡು ನೆಂಟರು ನಕ್ಕರು. ಸ್ಟೂಲು ಇನ್ನೂ ಅಲ್ಲಿಯೇ ಇದೆ.

ಮಲಗುವ ಹೊತ್ತು, ಏಳುವ ಹೊತ್ತು ದಿನವೂ ಒಂದೇ ಆಗಿರಬೇಕು. ಸಂಜೆಯ ಮೇಲೆ ಕಾಫಿ ಬೇಡ. ಕಾಫಿಯ ಮಾತನ್ನು ನಮ್ಮ ನಾಡಿನಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಬಲ್ಲೆ, ಆದರೂ ಹೇಳಬೇಕು. ಹಂಡೆಯ ಬಿಸಿನೀರಿನ ಸ್ನಾನ ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಆ ಹೊತ್ತಿಗೆ ಹಿತ ಕೊಡುತ್ತದೆ. ಹಿತವೂ ಬೇಕಾದದ್ದೇ. ಮದ್ದುಗಳಲ್ಲಿ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ರಾತ್ರಿ ಕೊಡುವುದುಂಟು. ಡುಲೊಕ್ಸೆಟಿನ್, ಪ್ರಿಗ್ಯಾಬಲಿನ್ ಇವೆ. ಕೆಲವರಿಗೆ ಒಗ್ಗುತ್ತವೆ, ಹಲವರಿಗೆ ಅಷ್ಟಾಗಿ ಇಲ್ಲ. ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳತಕ್ಕವು. ಮನಸ್ಸಿನ ಖಿನ್ನತೆಗೆ ಕೊಡುವ ಮಾತ್ರೆಯನ್ನು ಇದಕ್ಕೂ ಕೊಟ್ಟರೆ ರೋಗಿಗೆ ಹುಚ್ಚೆಂದು ಅರ್ಥವಲ್ಲ; ನೋವನ್ನು ತಡೆಯುವ ನರಗಳ ಮೇಲೂ ಅದೇ ಮದ್ದು ಕೆಲಸಮಾಡುತ್ತದೆ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆಗಳಿಂದ ಈ ನೋವಿಗೆ ಉಪಯೋಗ ಕಡಿಮೆ, ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಮೂರೇ ದಿನಕ್ಕೆ ನೋವು ಮಾಯವಾಯಿತೆಂದರೆ, ಅದರಲ್ಲಿ ಸ್ಟಿರಾಯ್ಡ್ ಬೆರೆಸಿಲ್ಲವೆಂದು ಹೇಳುವವರಾರು?

ಇಷ್ಟೆಲ್ಲ ಮಾಡಿದರೂ ನೋವು ಪೂರ್ತಿ ಹೋಗಲಿಲ್ಲ. ಇದನ್ನು ಮುಚ್ಚಿಟ್ಟರೆ ನಾನು ಮತ್ತೆ 1994ರ ಸುಳ್ಳನ್ನೇ ಹೇಳಿದಂತೆ. ಅತ್ತಿಗೆಗೆ ಈಗ ಎಪ್ಪತ್ತು ದಾಟಿದೆ. ಮೋಡ ಕವಿದ ದಿನ ಹೆಚ್ಚು ನೋಯುತ್ತದೆನ್ನುತ್ತಾರೆ. ಆದರೆ ಮೊಮ್ಮಗಳು ತೊಡೆಯ ಮೇಲೆ ಕೂರುತ್ತಾಳೆ. ನಿಮಿಷ ಎಣಿಸಿ ಕೂರಿಸಿಕೊಂಡು, ಆಮೇಲೆ ಪಕ್ಕದಲ್ಲಿ ದಿಂಬಿಟ್ಟು ಇಳಿಸುತ್ತಾರೆ. ಮಗುವಿಗೂ ಅದು ಅಭ್ಯಾಸವಾಗಿ, ಅಜ್ಜಿಯ ಗಡಿಯಾರ ನೋಡಿ ತಾನೇ ಇಳಿಯುತ್ತಾಳೆ. ನಮ್ಮ ಅಣ್ಣ, ನಡುಮನೆಯ ಆ ಮಾತನ್ನು ಎಷ್ಟೋ ಸಲ ಆಡಿದವನು, ಈಗ ಬೆಳಗಿನ ಕಾಫಿ ಬೆರೆಸುತ್ತಾನೆ. ರುಚಿಯ ವಿಚಾರ ಬೇಡ.

ಕಳೆದ ವರ್ಷ ಅವರ ಬೀದಿಯ ಹೆಣ್ಣುಮಗಳೊಬ್ಬಳು ರಿಪೋರ್ಟುಗಳ ಕಟ್ಟು ಹಿಡಿದು ನನ್ನಲ್ಲಿಗೆ ಬಂದಳು. ಮೂವತ್ತರ ಆಸುಪಾಸು, ಕಣ್ಣಿನ ಕೆಳಗೆ ಕಪ್ಪು. ಎಲ್ಲ ರಿಪೋರ್ಟೂ ಸರಿಯಾಗಿದ್ದವು. ಜೊತೆಗೆ ಅತ್ತಿಗೆ ಕಳಿಸಿದ ಚೀಟಿ. ಒಂದೇ ಸಾಲು: "ಈ ಮಗೂಗೆ ಏನೂ ಇಲ್ಲ ಅಂತ ಮಾತ್ರ ಹೇಳಬೇಡ." ನಾನು ಕಟ್ಟನ್ನು ಪಕ್ಕಕ್ಕಿಟ್ಟು, ಎಲ್ಲಿ ನೋವಮ್ಮ, ಮೊದಲಿಂದ ಹೇಳು, ಎಂದು ಕುರ್ಚಿ ಹತ್ತಿರಕ್ಕೆಳೆದುಕೊಂಡೆ.