ಗೋಡೆ ದಾಟುವ ಮಾತಿಗೂ ಬೀಗ ಬೇಕು



ನಮ್ಮ ಸಂಘದ ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿದ್ದರೆ ಬೀಗದ ಕೈ ಇನ್ನೊಬ್ಬರ ಹತ್ತಿರ ಇಡುತ್ತೇವೆ. ನಂಬಿಕೆ ಇಲ್ಲ ಅಂತಲ್ಲ, ಎಲ್ಲರ ದುಡ್ಡು ಜೋಪಾನವಾಗಿರಲಿ ಅಂತ. ಇವತ್ತು ಇನ್ನೊಂದು ಬೀಗದ ವಿಷಯ ಮಾತಾಡೋಣ.

ಮೂಡಿಗೆರೆ, ಕಳಸ, ಕುದುರೆಮುಖದ ಕಡೆ ಈಗ ಎಷ್ಟೋ ಮನೆಗಳಿಗೆ ವೈಫೈ ಬಂದಿದೆ. ಅಂಗಳಕ್ಕೆ ಕ್ಯಾಮೆರಾ, ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್. ಅನುಕೂಲವೇ, ರಾತ್ರಿ ಕರೆಂಟು ಬಂದಾಗ ಟಾರ್ಚ್ ಹಿಡಿದು ಕೆರೆ ಹತ್ತಿರ ಓಡಬೇಕಾಗಿಲ್ಲ. ಆದರೆ ಇವು ತಂತಿಯಿಲ್ಲದೆ ಮಾತಾಡುವ ಸಾಮಾನುಗಳು. ವೈಫೈ ಗೋಡೆಯೊಳಗೇ ನಿಲ್ಲುವುದಿಲ್ಲ, ರಸ್ತೆಯವರೆಗೂ ಹೋಗುತ್ತದೆ. ಬೀಗ ಸರಿಯಿಲ್ಲದಿದ್ದರೆ ನಾವು ಕಾವಲಿಗೆ ಇಟ್ಟ ಕ್ಯಾಮೆರಾದಲ್ಲಿ ಪರರು ನಮ್ಮನ್ನೇ ನೋಡಬಹುದು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಅವರಿಗೆ ಗೊತ್ತಾಗಬಹುದು.

ಹೀಗೂ ಉಂಟಾ ಅಂತ ಕೇಳಬೇಡಿ. 2016ರಲ್ಲಿ ‘ಮಿರಾಯ್’ ಎಂಬ ಕೆಟ್ಟ ಪ್ರೋಗ್ರಾಂ ಪ್ರಪಂಚದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿತು. ಅದರ ಹತ್ತಿರ ಇದ್ದದ್ದು ಕಂಪನಿಯವರೇ ಹಾಕಿ ಕಳಿಸುವ ಸುಮಾರು 60 ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಬಹಳ ಜನ ಅವನ್ನು ಬದಲಿಸಿರಲೇ ಇಲ್ಲ! ಅದೇ ಅಕ್ಟೋಬರ್ 21ರಂದು ಅಂಥ ಯಂತ್ರಗಳನ್ನು ಒಟ್ಟಿಗೆ ಛೂಬಿಟ್ಟಾಗ ಅಮೆರಿಕದಲ್ಲಿ ಟ್ವಿಟರಿನಂಥ ದೊಡ್ಡ ತಾಣಗಳೇ ಗಂಟೆಗಟ್ಟಲೆ ತೆರೆಯಲಿಲ್ಲ. ಊರಿಗೆಲ್ಲ ಒಂದೇ ಬೀಗದ ಕೈ ಇದ್ದರೆ ಆಗುವುದು ಹೀಗೇ.

ನಾವು ಮಾಡಬೇಕಾದ್ದು ಇಷ್ಟು:

1. ರೂಟರ್, ಕ್ಯಾಮೆರಾ ತಂದ ದಿನವೇ ಅದರ ಪಾಸ್‌ವರ್ಡ್ ಬದಲಿಸೋಣ. ಮಕ್ಕಳ ಹೆಸರು, ಫೋನ್ ನಂಬರ್ ಬೇಡ. ಸಂಬಂಧವಿಲ್ಲದ ಮೂರ್ನಾಲ್ಕು ಪದ ಸೇರಿಸಿದರೆ ನಮಗೆ ನೆನಪಿರುತ್ತದೆ, ಪರರಿಗೆ ಸಿಗುವುದಿಲ್ಲ.

2. ವೈಫೈ ಹಾಕಲು ಬಂದವರಿಗೆ ‘ಡಬ್ಲ್ಯುಪಿಎ-2 ಅಥವಾ ಡಬ್ಲ್ಯುಪಿಎ-3 ಇಡಿ’ ಎಂದು ಹೇಳೋಣ. ಆಗ ಮಾತು ಗುಟ್ಟಿನ ಲಿಪಿಯಲ್ಲಿ ಹೋಗುತ್ತದೆ. ದಾರಿಯಲ್ಲಿ ಹಿಡಿದವರಿಗೆ ಅರ್ಥವಾಗುವುದಿಲ್ಲ.

3. ಹೋಂಸ್ಟೇ ಇರುವವರು ಅತಿಥಿಗಳಿಗೆ ಬೇರೆಯೇ ‘ಗೆಸ್ಟ್’ ವೈಫೈ ಕೊಡಲಿ. ಚಾವಡಿಗೆ ಕರೆದವರನ್ನೆಲ್ಲ ಅಡಿಗೆಮನೆಗೆ ಬಿಡುತ್ತೇವೆಯೇ?

4. ಮೋಟಾರ್ ಸ್ಟಾರ್ಟರಿಗೆ ಮನೆಯವರ ನಂಬರ್ ಮಾತ್ರ ಸೇರಿಸೋಣ. ಕೆಲಸ ಬಿಟ್ಟು ಹೋದವರ ನಂಬರ್ ಆ ದಿನವೇ ತೆಗೆಸೋಣ. ಹೂಮಳೆಗೆ ಕಾಯದೆ ನೀರು ಹಾಯಿಸುವ ಹೊತ್ತಿನಲ್ಲಿ ಯಾರೋ ಮೋಟಾರ್ ನಿಲ್ಲಿಸಿದರೆ ವರ್ಷದ ಫಸಲಿಗೇ ಏಟು.

5. ‘ಅಪ್‌ಡೇಟ್’ ಕೇಳಿದರೆ ಮಾಡಿಸೋಣ. ಬೇಡದಾಗ ಬ್ಲೂಟೂತ್ ಆರಿಸಿಡೋಣ.

ದುಡ್ಡು ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟು ಸುಮ್ಮನಿರಬೇಡಿ.

ಮುಂದಿನ ಸಭೆಯೊಳಗೆ ಎಲ್ಲರೂ ಪಾಸ್‌ವರ್ಡ್ ಬದಲಿಸಿಕೊಂಡು ಬರೋಣ. ಏನಿಟ್ಟಿರಿ ಅಂತ ಮಾತ್ರ ನಮಗೂ ಹೇಳಬೇಡಿ!