ತೊಗಲು ಹದಮಾಡುವವರ ಅರ್ಜಿಗಳು

ಹದಿನೆಂಟನೆಯ ಶತಮಾನದ ಬಾಸ್ಟನ್ ನಗರದಲ್ಲಿ ಪ್ರಿನ್ಸ್ ಹಾಲ್ ಎಂಬ ಕಪ್ಪು ಜನಾಂಗದ ಕುಶಲಕರ್ಮಿ ಇದ್ದರು. ತೊಗಲು ಹದಮಾಡುವುದು ಅವರ ಕಸುಬು. 1777ರಲ್ಲಿ ಅಮೆರಿಕದ ಫಿರಂಗಿ ದಳದ ನಗಾರಿಗಳಿಗೆ ಚರ್ಮ ಒದಗಿಸಿದ ಅವರ ಲೆಕ್ಕದ ಚೀಟಿ ಉಳಿದುಬಂದಿದೆ. ಗುಲಾಮಗಿರಿ ನಿಲ್ಲಿಸಿ ಎಂದು ಅದೇ ವರ್ಷ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಹೋದ ಅರ್ಜಿಯಲ್ಲೂ ಅವರ ಹೆಸರಿದೆ.

ಫ್ರೀಮೇಸನ್ ಎಂಬ ಸಹೋದರ ಸಂಘದ ಶಾಖೆಗಳಿಗೆ ಲಾಡ್ಜ್ ಎನ್ನುತ್ತಾರೆ. ಬಿಳಿಯರ ಲಾಡ್ಜ್‌ಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಲ್ ಮತ್ತು ಸಂಗಡಿಗರಿಗೆ ದೀಕ್ಷೆ ಕೊಟ್ಟದ್ದು ಬ್ರಿಟಿಷ್ ಪಡೆಯ ಜೊತೆಗಿದ್ದ ಒಂದು ಲಾಡ್ಜ್! ಊರು ಯಾರ ಮೇಲೆ ಕತ್ತಿ ಮಸೆಯುತ್ತಿತ್ತೋ ಅವರೇ ಬಾಗಿಲು ತೆರೆದರು. ಇವರದೇ ಆಫ್ರಿಕನ್ ಲಾಡ್ಜಿಗೆ 1784ರಲ್ಲಿ ಲಂಡನ್ ನೀಡಿದ ಸನ್ನದು ಬಾಸ್ಟನ್ ತಲುಪಿದ್ದು 1787ರಲ್ಲಿ. ಆ ಲಾಡ್ಜಿಗೆ ಹಾಲ್ ಅವರೇ ಮುಖ್ಯಸ್ಥರಾದರು.

ಫ್ರೀಮೇಸನ್ ಎಂದೊಡನೆ ಜನ ಗುಟ್ಟಿನ ವಿಧಿಗಳ ಬಗ್ಗೆ ಕೇಳುತ್ತಾರೆ. ನನಗೆ ಅದಕ್ಕಿಂತ 1788ರ ಸಂಗತಿಯೇ ದೊಡ್ಡದು. ಕೆಲಸ ಕೊಡುತ್ತೇವೆಂದು ನಂಬಿಸಿ ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಜನರನ್ನು ಹಡಗು ಹತ್ತಿಸಿ, ಗುಲಾಮರಾಗಿ ಮಾರಲು ವೆಸ್ಟ್ ಇಂಡೀಸ್‌ಗೆ ಒಯ್ದರು. ಅವರಲ್ಲಿ ಒಬ್ಬಾತ ಲಾಡ್ಜಿನ ಸದಸ್ಯ. ಹಾಲ್ ಲಾಡ್ಜಿನವರ ಸಹಿ ಹಾಕಿಸಿ ಶಾಸನಸಭೆಗೆ ಅರ್ಜಿ ಕೊಟ್ಟರು. ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಪಾದ್ರಿಗಳೂ ದನಿಗೂಡಿಸಿದರು. ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮರ ವ್ಯಾಪಾರ ನಿಷೇಧಿಸುವ ಕಾನೂನು ಬಂತು. ಆ ಬೇಸಿಗೆಯಲ್ಲೇ ಮೂವರೂ ಊರಿಗೆ ಮರಳಿದರು.

ಎಲ್ಲ ಅರ್ಜಿಯೂ ಫಲಿಸಲಿಲ್ಲವೆನ್ನಿ. ತೆರಿಗೆ ನಾವೂ ಕಟ್ಟುತ್ತೇವೆ, ನಮ್ಮ ಮಕ್ಕಳಿಗೆ ಶಾಲೆ ಯಾಕಿಲ್ಲ ಎಂದು 1787ರಲ್ಲಿ ಕೇಳಿದ್ದಕ್ಕೆ ಸರ್ಕಾರ ಕಿವಿಗೊಡಲಿಲ್ಲ. ಕೊನೆಗೆ 1798ರಲ್ಲಿ ಪ್ರೈಮಸ್ ಹಾಲ್ ಎಂಬವರ ಮನೆಯಲ್ಲೇ ಆ ಮಕ್ಕಳಿಗೆ ಪಾಠ ಶುರುವಾಯಿತು.