ಡಿಸ್ಕು ಹೋಯಿತು, ಒಡೆತನವೂ ಹೋಯಿತೆ?

(ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ವಿಡಿಯೋ ಆಟವೆಂದರೆ ಹುಡುಗರ ಕಾಲಹರಣ, ಅದಕ್ಕೊಂದು ಸಭೆಯೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ನಾವು ಆಡಬಂದಿರುವುದು ಆಟದ ಮಾತಲ್ಲ, ಮಾರಾಟದ ಮಾತು. ಕಾಸು ಕೊಟ್ಟು ತಂದ ವಸ್ತು ತಂದವನದೋ, ಮಾರಿದವನದೋ? ಅಂಗಡಿ ಇಟ್ಟವರಿಗೂ, ಕೂಲಿಯಲ್ಲಿ ಉಳಿಸಿ ಕೊಳ್ಳುವವರಿಗೂ ಇದು ತಟ್ಟುವ ಪ್ರಶ್ನೆ.

ಹಿಂದೆ ಆಟವೆಂದರೆ ಒಂದು ಕಾರ್ಟ್ರಿಜ್ಜು, ಇಲ್ಲವೆ ಒಂದು ಡಿಸ್ಕು. ಆಡಿ ಬೇಸರವಾದರೆ ಗೆಳೆಯನಿಗೆ ಕೊಡಬಹುದಿತ್ತು. ಸಿಕ್ಕ ಬೆಲೆಗೆ ಮಾರಿ ಮತ್ತೊಂದನ್ನು ತರಬಹುದಿತ್ತು. ಅಮೆರಿಕದಲ್ಲಿ ಗೇಮ್‌ಸ್ಟಾಪ್ ಎಂಬ ಅಂಗಡಿಸಾಲು ಈ ಹಳೆಯ ಮಾಲಿನ ವ್ಯಾಪಾರದಿಂದಲೇ ಬಲಿತು ಸಾವಿರಾರು ಮಳಿಗೆಗಳನ್ನು ತೆರೆದಿತ್ತು. ಕೆಲವು ವರ್ಷಗಳಿಂದ ಅದು ನೂರಾರು ಮಳಿಗೆಗಳಿಗೆ ಬೀಗ ಹಾಕಿದೆ.

2003ರಲ್ಲಿ ವಾಲ್ವ್ ಎಂಬ ಕಂಪನಿ ಸ್ಟೀಮ್ ಎಂಬ ಜಾಲದ ಅಂಗಡಿಯನ್ನು ತೆರೆಯಿತು. ಕಂಪ್ಯೂಟರಿನ ಆಟಗಳಲ್ಲಿ ಇಂದು ಡಿಸ್ಕು ಹೆಚ್ಚುಕಡಿಮೆ ಮಾಯವಾಗಿದೆ. ಕನ್ಸೋಲಿನಲ್ಲಿ ಮಾತ್ರ ಇನ್ನೂ ಉಸಿರಾಡುತ್ತಿದೆ. ಅದನ್ನು ನಿಲ್ಲಿಸುವ ಪ್ರಯತ್ನ ನಡೆದ ರೀತಿ ನೋಡಿ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲು 24 ಗಂಟೆಗೊಮ್ಮೆ ಕಂಪನಿಗೆ ಹಾಜರಿ ಹಾಕಬೇಕು, ಡಿಸ್ಕನ್ನು ಕೈಬದಲಿಸುವುದಕ್ಕೆ ನಿರ್ಬಂಧವುಂಟು ಎಂದು ಸಾರಿತು. ಗಿರಾಕಿಗಳು ಎದ್ದು ಕೂಗಾಡಿದರು. ಕೆಲವೇ ವಾರಗಳಲ್ಲಿ ಕಂಪನಿ ಹಿಂದೆಗೆಯಿತು. ಗದರಿಸಿ ಮಾಡಲಾಗದ್ದನ್ನು ಆಮೇಲೆ ಅಗ್ಗದ ಆಸೆ ತೋರಿಸಿ ಮಾಡಿದರು. 2020ರಲ್ಲಿ ಸೋನಿಯ ಪ್ಲೇಸ್ಟೇಷನ್ 5 ಎರಡು ಬಗೆಯಲ್ಲಿ ಬಂತು: ಡಿಸ್ಕು ಹಾಕುವ ಕಿಂಡಿಯುಳ್ಳದ್ದು 499 ಡಾಲರು, ಕಿಂಡಿಯಿಲ್ಲದ್ದು 399. ನೂರು ಡಾಲರು ಉಳಿಯಿತೆಂದು ಹಿಗ್ಗಿದವನಿಗೆ ಆಮೇಲೆ ಆಟ ಕೊಳ್ಳಲು ಇರುವುದು ಸೋನಿಯ ಜಾಲದಂಗಡಿ ಒಂದೇ. 2024ರಲ್ಲಿ ಪ್ರೊ ಮಾದರಿ ಬಂದಾಗ ಅದರ ಬೆಲೆ ಸುಮಾರು 700 ಡಾಲರು ಇತ್ತು; ಅದಕ್ಕೂ ಕಿಂಡಿಯಿಲ್ಲ, ಬೇಕಾದರೆ ಬೇರೆ ದುಡ್ಡು ಕೊಟ್ಟು ತರಬೇಕು. ಅಗ್ಗದ ಕಥೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಕನ್ಸೋಲೇ ಹೋಗುತ್ತದೆಯೆ? ನಮಗೆ ಹಾಗೆ ತೋರುವುದಿಲ್ಲ. ಪೆಟ್ಟಿಗೆಯೇ ಬೇಡ, ಎಲ್ಲವೂ ತಂತಿಯ ಮೇಲೆ ಬರಲಿ ಎಂದು ಗೂಗಲ್ 2019ರಲ್ಲಿ ಸ್ಟೇಡಿಯಾ ತಂದಿತು. 2023ರ ಜನವರಿಯಲ್ಲಿ ಮುಚ್ಚಿಕೊಂಡು ಹೋಯಿತು. ಪೆಟ್ಟಿಗೆ ಉಳಿಯುತ್ತದೆ, ಏಕೆಂದರೆ ಅದರೊಳಗಿನ ಅಂಗಡಿಯಲ್ಲಿ ನೂರಕ್ಕೆ ಮೂವತ್ತು ಪೆಟ್ಟಿಗೆಯವನ ಪಾಲು ಎಂಬುದು ಈ ವ್ಯಾಪಾರದ ರೂಢಿ. ಸಂತೆಯೂ ಅವನದೇ, ತಕ್ಕಡಿಯೂ ಅವನದೇ.

ಒಳ್ಳೆಯದೇನೂ ಇಲ್ಲವೆಂದರೆ ಸುಳ್ಳಾದೀತು. ಒಬ್ಬನೇ ಕೂತು ಮಾಡಿದ ಸ್ಟಾರ್‌ಡ್ಯೂ ವ್ಯಾಲಿ 2016ರಲ್ಲಿ ಸ್ಟೀಮಿನಲ್ಲಿ ಬಂದು ಲೋಕವನ್ನೇ ಸುತ್ತಿತು. ಹಳೆಯ ಕಾಲದಲ್ಲಿ ಅಂಥವನಿಗೆ ಅಂಗಡಿಯ ಹಲಗೆಯ ಮೇಲೆ ಜಾಗ ಸಿಗುತ್ತಿರಲಿಲ್ಲ.

ಆದರೆ ಕೊಂಡವನ ಕೈಗೆ ಬಂದದ್ದೇನು? ಜಾಲದಲ್ಲಿ ಕೊಂಡ ಆಟವನ್ನು ಮರುಮಾರಾಟ ಮಾಡಬಹುದೆಂದು 2019ರಲ್ಲಿ ಪ್ಯಾರಿಸಿನ ನ್ಯಾಯಾಲಯ ಹೇಳಿತು. 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಡಿಸ್ಕು ಇದ್ದರೆ ಸಾಕೆಂದೂ ತಿಳಿಯಬೇಡಿ. ಯುಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರೋಟದ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ರಂದು ಕಂಪನಿ ತನ್ನ ಸರ್ವರು ನಿಲ್ಲಿಸಿದಾಗ ಡಿಸ್ಕು ಕೊಂಡವನೂ ಆಡದಂತಾಯಿತು. ನಿಂಟೆಂಡೋ 2025ರಲ್ಲಿ ತಂದ ಸ್ವಿಚ್ 2ರ ಕೆಲವು ಕಾರ್ಡುಗಳೊಳಗೆ ಆಟವೇ ಇಲ್ಲ, ಬೀಗದಕೈ ಮಾತ್ರ; ಆಟವನ್ನು ಜಾಲದಿಂದಲೇ ಇಳಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ನಡೆಯುತ್ತಿದೆ: ಪರವಾನಗಿಯನ್ನು ಮಾತ್ರ ಕೊಡುವವನು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂದು ಬರೆಯುವಂತಿಲ್ಲ. ಮೋಸವನ್ನು ಅದು ನಿಲ್ಲಿಸುವುದಿಲ್ಲ, ಹೆಸರಿಟ್ಟು ಕರೆಯುತ್ತದೆ. ಯೂರೋಪಿನ ಆಟಗಾರರು ಒಂದು ಹೆಜ್ಜೆ ಮುಂದೆ ಹೋದರು. ಆಟ ನಿಲ್ಲಿಸುವ ದಿನ ಅದನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ, ಸರ್ವರನ್ನು ಎಂದೆಂದಿಗೂ ನಡೆಸಿರೆಂದು ನಾವು ಕೇಳುತ್ತಿಲ್ಲ ಎಂಬುದು ಅವರ ಬೇಡಿಕೆ. ಅದಕ್ಕೆ ಬಿದ್ದ ಸಹಿಗಳು 2025ರ ಜುಲೈಯಲ್ಲಿ ಹತ್ತು ಲಕ್ಷ ದಾಟಿದವು. ಖರ್ಚು ತಡೆಯಲಾಗದು ಎಂದು ಉದ್ಯಮದ ಸಂಘ ಗೊಣಗಿತು. ಆದರೆ ದಿ ಕ್ರೂ ಆಟವನ್ನು ಕೊಂದ ಯುಬಿಸಾಫ್ಟ್, ಗಲಾಟೆ ಜೋರಾದ ಮೇಲೆ, ಅದರ ಎರಡನೆಯ ಆಟವನ್ನು ಜಾಲವಿಲ್ಲದೆಯೂ ಆಡುವಂತೆ ಮಾಡಿಕೊಡುತ್ತೇವೆಂದು 2024ರ ಸೆಪ್ಟೆಂಬರಿನಲ್ಲೇ ಒಪ್ಪಿಕೊಂಡಿತ್ತು.